ಮಕ್ಕಳ ಸ್ಕೂಲ್ ವ್ಯಾನ್ ಬದಲಾಯಿಸಿ ಒಂದು ವರ್ಷ: ಉದ್ಯಾವರದಿಂದ ಉಡುಪಿಗೆ ನಮ್ಮ ಅನುಭವ

ಶಾಲೆ ಶುರು ಆಗುವ ಹೊತ್ತಿಗೆ ನಮ್ಮ ಕಡೆ ಎಲ್ಲರದ್ದೂ ಒಂದೇ ಪ್ರಶ್ನೆ, ಯಾವ ವ್ಯಾನ್ ಒಳ್ಳೇದುಂಟು, ತಿಂಗಳಿಗೆ ಎಷ್ಟು ತಗೊಳ್ತಾರೆ, ಟೈಮಿಗೆ ಬರ್ತಾರಾ ಅಂತ. ನಾನೂ ಇಷ್ಟೇ ಕೇಳಿ ಮಕ್ಕಳನ್ನು ಸೇರಿಸಿದವಳು. ಈಗ ಯಾರಾದ್ರೂ ಕೇಳಿದ್ರೆ ಹೇಳುವುದು ಒಂದೇ, ರೇಟು ಆಮೇಲೆ ಕೇಳಿ, ಮೊದಲು ಒಂದು ದಿನ ಸಂಜೆ ಹೋಗಿ ಆ ವ್ಯಾನಿಂದ ಮಕ್ಕಳು ಹೇಗೆ ಇಳೀತಾರೆ ಅಂತ ನಿಂತು ನೋಡಿ. ನಾನು ಬರೀಲಿಕ್ಕೆ ಹೊರಟದ್ದು ಈಗ ನಮ್ಮ ಇಬ್ಬರು ಮಕ್ಕಳು ಹೋಗುವ ಟ್ರಾವೆಲರ್ ಗಾಡಿ ಬಗ್ಗೆ, ಆದ್ರೆ ಮೊದಲಿನ ವ್ಯಾನಲ್ಲಿ ಆದದ್ದು ಹೇಳದೆ ಇದರ ಬೆಲೆ ಗೊತ್ತಾಗುವುದಿಲ್ಲ. ಎರಡರ ಹೆಸರೂ ಹಾಕುವುದಿಲ್ಲ.

ಮೊದಲಿನದ್ದು ಓಮ್ನಿ, ತಿಂಗಳಿಗೆ 1,100. ಹಿಂದಿನ ಸೀಟಿಗೆ ಎದುರಾಗಿ ಒಂದು ಹಲಗೆ ಇಟ್ಟು ರೆಕ್ಸಿನ್ ಸುತ್ತಿದ್ರು, ಸಣ್ಣ ಮಕ್ಕಳೆಲ್ಲ ಅದರ ಮೇಲೆ, ಬ್ಯಾಗುಗಳು ಕಾಲಡಿಯಲ್ಲಿ. ಓಡಿಸುವವರು ಸ್ಪೀಡ್ ಇಲ್ಲ, ಕುಡಿಯುವವರಲ್ಲ, ಟೈಮಿಗೆ ಸರಿಯಾಗಿ ಬರ್ತಿದ್ರು, ಹಾಗಾಗಿ ನಮಗೆ ಎಂತದೂ ಸಂಶಯ ಬರಲಿಲ್ಲ. ನಮ್ಮ ಮನೆ ಇರುವುದು ಹೈವೇಯಿಂದ ಪಡು ಬದಿಗೆ, ಸಂಜೆ ಉಡುಪಿಯಿಂದ ಬರುವ ಗಾಡಿ ನಿಲ್ಲುವುದು ಮೂಡು ಬದಿಯಲ್ಲಿ. ಅಂದ್ರೆ ದಿನಾ ನಾನು ಹೋಗಿ ನಾಲ್ಕು ಲೇನ್ ದಾಟಿಸಿ ಮಕ್ಕಳನ್ನು ಕರ್ಕೊಂಡು ಬರಬೇಕು.

ಅವತ್ತು ಜುಲೈ ತಿಂಗಳ ಜೋರು ಮಳೆ. ಮಗಳು ಆಗ ಒಂದನೇ ಕ್ಲಾಸ್. ನಾನು ಕೊಡೆ ಹಿಡ್ಕೊಂಡು ಡಿವೈಡರ್ ತನಕ ಬಂದಾಗಿತ್ತು, ವ್ಯಾನ್ ಬಂದದ್ದೂ ಕಾಣ್ತಾ ಇತ್ತು, ಮಧ್ಯದಲ್ಲಿ ಲಾರಿಗಳು ಸಾಲಾಗಿ ಹೋಗ್ತಾ ಇದ್ದದ್ದರಿಂದ ದಾಟ್ಲಿಕ್ಕೆ ಆಗ್ತಿರಲಿಲ್ಲ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಒಳಗಿನ ದೊಡ್ಡ ಹುಡುಗ ಒಬ್ಬ ಬಾಗಿಲು ಜಾರಿಸಿದ, ಇವಳು ಒಂದು ಕಾಲು ಕೆಳಗಿಟ್ಳು, ಬ್ಯಾಗಿನ ಪಟ್ಟಿ ಬಾಗಿಲಿನ ಹಿಡಿಗೆ ಸಿಕ್ಕಿತು, ಅಷ್ಟರಲ್ಲಿ ಗಾಡಿ ಒಂದು ಗೇಣು ಮುಂದೆ ಹೋಯ್ತು. ಅಷ್ಟೇ ಆದದ್ದು. ಗಲ್ಲ ಹೋಗಿ ಬಾಗಿಲು ಜಾರುವ ಆ ಕಬ್ಬಿಣದ ಅಂಚಿಗೆ ಹೊಡೆದದ್ದು ನಾನು ಈಚೆಯಿಂದ ಕಣ್ಣಾರೆ ನೋಡಿದ್ದೇನೆ. ದಾಟಿ ಹೋಗುವಾಗ ರೇನ್‌ಕೋಟಿನ ಹಳದಿ ಟೊಪ್ಪಿಯ ಒಳಗೆ ಮಳೆ ನೀರೂ ರಕ್ತವೂ ಒಟ್ಟಿಗೆ ಇಳೀತಾ ಇತ್ತು. 4 ಹೊಲಿಗೆ ಹಾಕಿದ್ರು. ನಾಲಗೆ ಹಲ್ಲಿನ ಮಧ್ಯೆ ಸಿಕ್ಕದೆ ಇದ್ದದ್ದು ಪುಣ್ಯ ಅಂದ್ರು ಡಾಕ್ಟ್ರು. ಗಲ್ಲದ ಅಡಿಯಲ್ಲಿ ಬಿಳಿ ಗೆರೆ ಈಗಲೂ ಉಂಟು. ವ್ಯಾನಿನವರು ಮನೆಗೆ ಬಂದು ಬೇಜಾರು ಮಾಡಿಕೊಂಡ್ರು, ಆದ್ರೆ ಹೋಗುವಾಗ "ಮಕ್ಕಳಲ್ವಾ ಅಕ್ಕ, ಬೀಳ್ತಾರೆ" ಅಂದ್ರು. ಆ ಮಾತು ನನಗೆ ಇವತ್ತಿಗೂ ಜೀರ್ಣ ಆಗಲಿಲ್ಲ. ಮಗು ತಾನಾಗಿ ಬಿದ್ದದ್ದಲ್ಲ ಅದು, ನಿಲ್ಲದ ಗಾಡಿಯಿಂದ ಇಳಿಸಿದ್ದು.

ಆ ವಾರ ನಿದ್ದೆ ಬರದೆ ಮೊಬೈಲಲ್ಲಿ ಓದ್ತಾ ಕೂತಾಗ ಒಂದು ಸಂಗತಿ ಸಿಕ್ಕಿತು. ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಜರ್ನಲ್ ಪೀಡಿಯಾಟ್ರಿಕ್ಸ್‌ನಲ್ಲಿ 2006ರಲ್ಲಿ ಬಂದ ಅಧ್ಯಯನ. 2001ರಿಂದ 2003ರ ತನಕ ಸ್ಕೂಲ್ ಬಸ್ಸಿಗೆ ಸಂಬಂಧಪಟ್ಟ ಗಾಯ ಆಗಿ ಅಲ್ಲಿನ ಎಮರ್ಜೆನ್ಸಿಗಳಿಗೆ ಬಂದ ಮಕ್ಕಳು, ಹದಿಹರೆಯದವರು ಸುಮಾರು 51,100, ವರ್ಷಕ್ಕೆ ಸರಾಸರಿ 17,000. ಅದರಲ್ಲಿ ರಸ್ತೆ ಅಪಘಾತದಿಂದ ಆದದ್ದು ನೂರಕ್ಕೆ 42. ನೂರಕ್ಕೆ 24ರಷ್ಟು ಬಸ್ ಹತ್ತುವಾಗ, ಇಳಿಯುವಾಗಲೇ ಆದದ್ದು. ಅಷ್ಟು ದಪ್ಪದ ಹಳದಿ ಬಸ್ಸು, ಎತ್ತರದ ಮೆತ್ತನೆ ಸೀಟು, ಬಸ್ಸಿನ ಕೆಂಪು ಲೈಟ್ ಮಿನುಗಿದ್ರೆ ಬೇರೆ ಗಾಡಿ ನಿಲ್ಲಿಸಲೇಬೇಕು ಅಂತ ಕಾನೂನು, ಎಲ್ಲ ಇರುವ ಊರಲ್ಲಿ ಹೀಗೆ. 10 ವರ್ಷದೊಳಗಿನ ಮಕ್ಕಳಿಗೆ ಅರ್ಧಕ್ಕಿಂತ ಜಾಸ್ತಿ ಪೆಟ್ಟು ತಲೆಗೇ ಆದದ್ದು, ಮತ್ತೆ ಗಾಯ ಆದವರಲ್ಲಿ ಎಲ್ಲಕ್ಕಿಂತ ಜಾಸ್ತಿ, ನೂರಕ್ಕೆ 43, 10ರಿಂದ 14 ವರ್ಷದವರು. ನೂರಕ್ಕೆ 97 ಮಕ್ಕಳಿಗೆ ಚಿಕಿತ್ಸೆ ಕೊಟ್ಟು ಮನೆಗೆ ಕಳಿಸಿದ್ದಾರೆ. ಅಂದ್ರೆ ಅಡ್ಮಿಟ್ ಇಲ್ಲ, ಪೇಪರಲ್ಲಿ ಬರುವುದಿಲ್ಲ, ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ನಮ್ಮ ಮಗಳ 4 ಹೊಲಿಗೆಯೂ ಹಾಗೆಯೇ.

ದೊಡ್ಡದು ಆದ್ರೆ ಎಂತ ಆಗ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2016ರ ಜೂನ್ 21, ತ್ರಾಸಿ ಹತ್ರ ಮೊವಾಡಿಯಲ್ಲಿ ಮಕ್ಕಳಿದ್ದ ಓಮ್ನಿಗೂ ಬಸ್ಸಿಗೂ ಡಿಕ್ಕಿ ಆಗಿ 8 ಮಕ್ಕಳು ಹೋದ್ರು. ಆ ದಿನ ನೆನಪಾದ್ರೆ ಈಗಲೂ ಕೈಕಾಲು ತಣ್ಣಗಾಗ್ತದೆ.

ಹಾಗೆ ಬದಲಾಯಿಸಿದ್ದು. ಈಗಿನದ್ದು 13 ಸೀಟಿನ ಟ್ರಾವೆಲರ್, ಯೆಲ್ಲೋ ಬೋರ್ಡ್ (ವೈಟ್ ಬೋರ್ಡ್ ಗಾಡಿ ಬಾಡಿಗೆಗೆ ಓಡಿಸಿ ಏನಾದ್ರೂ ಆದ್ರೆ ಇನ್ಶೂರೆನ್ಸಿನವರು ತಕರಾರು ತೆಗೀತಾರೆ, ದಯವಿಟ್ಟು ನೋಡಿಕೊಳ್ಳಿ). ತಿಂಗಳಿಗೆ ಒಬ್ಬರಿಗೆ 1,700, ವರ್ಷಕ್ಕೆ 10 ತಿಂಗಳು ಮಾತ್ರ. ಡ್ರೈವರಣ್ಣನ ಒಟ್ಟಿಗೆ ಒಬ್ಬರು ಅಕ್ಕ ಬರ್ತಾರೆ, ಅವರ ಹೆಂಡತಿಯ ಚಿಕ್ಕಮ್ಮ. ನಾನು ಇಷ್ಟುದ್ದ ಬರೀಲಿಕ್ಕೆ ಕಾರಣವೇ ಈ ಅಕ್ಕ.

ಮೊದಲನೇ ದಿನ ಅವರು ಇಳಿಸುವ ರೀತಿ ನೋಡಿ ನನಗೆ ಕಣ್ಣು ತುಂಬಿ ಬಂತು. ಗಾಡಿ ನಿಲ್ತದೆ, ಡ್ರೈವರಣ್ಣ ಹ್ಯಾಂಡ್‌ಬ್ರೇಕ್ ಎಳೀತಾರೆ, ಆ ಕರ್ರ್ ಶಬ್ದ ಕೇಳಿದ ಮೇಲೆಯೇ ಅಕ್ಕ ಬಾಗಿಲು ತೆಗೆಯುವುದು. ಅವರು ಮೊದಲು ಇಳಿದು ಹಿಂದಿನಿಂದ ಬೈಕ್ ಬರ್ತದಾ ನೋಡ್ತಾರೆ. ಆಮೇಲೆ ಬ್ಯಾಗು ಮೊದಲು ಕೆಳಗೆ, ಮಗು ಆಮೇಲೆ, ಕೈ ಹಿಡಿದು "ಮೆಲ್ಲ ಜಪ್ಪು ಮಗಾ" (ತುಳುವಲ್ಲಿ, ಮೆಲ್ಲ ಇಳಿ ಮಗಾ) ಅಂತ. ಬ್ಯಾಗ್ ಹೆಗಲಲ್ಲಿ ಹಾಕ್ಕೊಂಡು ಇಳೀಲಿಕ್ಕೆ ಸಣ್ಣವರಿಗೆ ಬಿಡುವುದೇ ಇಲ್ಲ. ಇದು ಸಣ್ಣ ವಿಷಯ ಅಂತ ಕಾಣಬಹುದು, ಆದ್ರೆ 2019ರಲ್ಲಿ ನಮ್ಮ ಸರಕಾರವೇ ಒಂದು, ಎರಡನೇ ಕ್ಲಾಸಿನ ಬ್ಯಾಗು 2 ಕಿಲೋ ದಾಟಬಾರದು ಅಂತ ಆದೇಶ ಮಾಡಿದ್ದು, ಮನೆಯಲ್ಲಿ ನಾನು ಮಗಳ ಬ್ಯಾಗು ತೂಗಿದಾಗ ಬುತ್ತಿ, ನೀರಿನ ಬಾಟ್ಲಿ ಸೇರಿ 4 ಕಿಲೋ ಹತ್ರ ಇತ್ತು. ಅಷ್ಟು ಭಾರ ಬೆನ್ನಲ್ಲಿಟ್ಟು ಆರು ವರ್ಷದ ಮಗು ಎತ್ತರದ ಮೆಟ್ಟಿಲು ಇಳಿದ್ರೆ ಮುಗ್ಗರಿಸದೆ ಎಂತ ಮಾಡ್ತದೆ. ಮೆಟ್ಟಿಲಿನ ಕೆಳಗೆ ಇನ್ನೊಂದು ಮೆಟ್ಟಿಲು ವೆಲ್ಡ್ ಮಾಡಿಸಿದ್ದಾರೆ, ಮಕ್ಕಳ ಕೈಗೆ ಸಿಗುವ ಹಾಗೆ ತಗ್ಗಿನಲ್ಲಿ ಒಂದು ಹಿಡಿಯೂ ಉಂಟು.

ಇನ್ನೊಂದು, ಯೂ ಟರ್ನ್. ಮುಂದೆ ಡಿವೈಡರ್ ಓಪನ್ ಇರುವಲ್ಲಿಗೆ ಹೋಗಿ ತಿರುಗಿಸಿ ಬಂದು ನಮ್ಮ ಬದಿಯಲ್ಲೇ ಇಳಿಸ್ತಾರೆ. ಹತ್ತು ನಿಮಿಷ ಜಾಸ್ತಿ ಆಗ್ತದೆ, ಡೀಸೆಲ್ಲೂ ಹೋಗ್ತದೆ, ಕೆಲವು ಪೇರೆಂಟ್ಸ್ ಅದಕ್ಕೆ ಗೊಣಗುವುದೂ ಉಂಟು. ನನಗೆ ಮಾತ್ರ ಈ ಒಂದಕ್ಕೇ 600 ಜಾಸ್ತಿ ಕೊಟ್ಟದ್ದು ಸಾರ್ಥಕ, ಯಾಕಂದ್ರೆ ನಮ್ಮ ಹೈವೇಯಲ್ಲಿ ಮಕ್ಕಳು ಇಳೀತಾ ಇದ್ದಾರೆ ಅಂತ ಎಕ್ಸ್‌ಪ್ರೆಸ್ ಬಸ್ಸು ನಿಲ್ಲುವುದಿಲ್ಲ, ಹಾರ್ನ್ ಹಾಕ್ಕೊಂಡು ಹೋಗ್ತದೆ. ಇಳಿದ ಮಕ್ಕಳು ಗಾಡಿಯ ಮುಂದಿನಿಂದ ದಾಟದ ಹಾಗೆ ಅಕ್ಕ ಬಂಪರ್ ಹತ್ರ ಕೈ ಅಡ್ಡ ಹಿಡಿದು ನಿಲ್ತಾರೆ.

ಕಿಟಕಿಗೆ ಅಡ್ಡ ಸರಳು, ಫೈರ್ ಸಿಲಿಂಡರ್, ಸ್ಪೀಡ್ ಗವರ್ನರ್, ಆನ್ ಸ್ಕೂಲ್ ಡ್ಯೂಟಿ ಬೋರ್ಡು ಎಲ್ಲ ಉಂಟು. ಇದ್ಯಾವುದೂ ಅವರ ಉಪಕಾರ ಅಲ್ಲ, 1997ರ ನವೆಂಬರಲ್ಲಿ ಡೆಲ್ಲಿಯಲ್ಲಿ ಸ್ಕೂಲ್ ಬಸ್ಸು ಯಮುನೆಗೆ ಬಿದ್ದು 28 ಮಕ್ಕಳು ಹೋದ ಮೇಲೆ ಸುಪ್ರೀಂ ಕೋರ್ಟ್ ಹೇಳಿದ್ದು ಇವನ್ನೆಲ್ಲ, ಅಟೆಂಡರ್ ಇರಬೇಕು ಅನ್ನುವುದೂ ಅದರಲ್ಲೇ ಉಂಟು. ಆದ್ರೂ ಎಷ್ಟು ಗಾಡಿಯಲ್ಲಿ ನೋಡಿದ್ದೇವೆ ಹೇಳಿ.

ಕೊರತೆ ಇಲ್ಲ ಅಂತಲ್ಲ. ಫಸ್ಟ್ ಏಡ್ ಬಾಕ್ಸ್ ನಾನೇ ಒಂದು ದಿನ ತೆಗೆದು ನೋಡಿದೆ, ಬ್ಯಾಂಡೇಜ್ ಹಳದಿ ಆಗಿತ್ತು, ಡೆಟಾಲ್ ಬಾಟ್ಲಿ ಖಾಲಿ. ಹೇಳಿದ ವಾರದಲ್ಲೇ ಹೊಸತು ತಂದಿಟ್ರು, ಆದ್ರೂ ಹೇಳುವ ತನಕ ಯಾಕೆ ಕಾಯಬೇಕು. ಸೀಟ್ ಬೆಲ್ಟ್ ಮುಂದಿನ ಎರಡು ಸಾಲಿಗೆ ಮಾತ್ರ. ಅವರ ಕುಟುಂಬದ ಮನೆಯಲ್ಲಿ ದೈವದ ಕೋಲ ಇದ್ರೆ, ಮದುವೆ ಇದ್ರೆ ಅವತ್ತು ಬೇರೆ ಗಾಡಿ ಬರ್ತದೆ, ಅದರಲ್ಲಿ ಅಕ್ಕ ಇರುವುದಿಲ್ಲ. ಆ ದಿನ ನಾವು ಕಳಿಸುವುದಿಲ್ಲ, ನಮ್ಮ ಯಜಮಾನ್ರೇ ಬೈಕಲ್ಲಿ ಬಿಟ್ಟು ಬರ್ತಾರೆ.

ಎಲ್ಲಕ್ಕಿಂತ ದೊಡ್ಡ ಕೊರತೆ ದೊಡ್ಡ ಮಕ್ಕಳದ್ದು. ಸಣ್ಣವರಿಗೆ ಅಕ್ಕನ ಕೈ ಸಿಗ್ತದೆ, ಹಿಂದಿನ ಸೀಟಿನ ಹೈಸ್ಕೂಲ್ ಹುಡುಗರಿಗೆ ಅಕ್ಕನ ಸ್ವರವೂ ಮುಟ್ಟುವುದಿಲ್ಲ. ನಮ್ಮ ಮಗ ಎಂಟನೇ ಕ್ಲಾಸ್, ಸ್ಟಾಪ್ ಬರುವ ಮೊದಲೇ ಎದ್ದು ನಿಲ್ಲುವ ಅಭ್ಯಾಸ. ಅಕ್ಟೋಬರಲ್ಲಿ ಕಿನ್ನಿಮುಲ್ಕಿ ಹತ್ರ ರಾಂಗ್ ಸೈಡಿಂದ ಸ್ಕೂಟರ್ ಒಂದು ಬಂದು ಡ್ರೈವರಣ್ಣ ಸಡನ್ ಬ್ರೇಕ್ ಹಾಕಿದಾಗ ಇವನ ಮೊಣಗಂಟು ಸೀಟಿನ ಕಬ್ಬಿಣಕ್ಕೆ ಹೋಗಿ ಬಡಿಯಿತು, ಮೂರು ದಿನ ಊತ ಇಳಿಯಲಿಲ್ಲ. ಆಗ ನನಗೆ ಆ 10ರಿಂದ 14ರ ಲೆಕ್ಕ ನೆನಪಾದದ್ದು. ದೊಡ್ಡವನಾದ, ಅವನನ್ನು ಅವನೇ ನೋಡ್ಕೊಳ್ತಾನೆ ಅಂತ ನಾವೇ ಬಿಟ್ಟುಬಿಡ್ತೇವೆ, ತಪ್ಪು ನಮ್ಮದೂ ಉಂಟು. ಡ್ರೈವರಣ್ಣನಿಗೆ ಹೇಳಿದ್ಮೇಲೆ ಈಗ ಹ್ಯಾಂಡ್‌ಬ್ರೇಕ್ ಶಬ್ದ ಕೇಳುವ ತನಕ ಯಾರೂ ಏಳಬಾರದು ಅಂತ ಎಲ್ಲರಿಗೂ ಒಂದೇ ರೂಲ್ಸ್, ಎದ್ರೆ ಗಾಡಿ ಅಲ್ಲೇ ಬದಿಗೆ ನಿಲ್ಲಿಸ್ತಾರಂತೆ. ಮಗ ಸಿಟ್ಟಲ್ಲಿ ಬಂದು ಹೇಳಿದ, ನನಗೆ ಸಮಾಧಾನ ಆಯ್ತು.

ಐದಕ್ಕೆ ನಾಲ್ಕೂವರೆ ಕೊಡ್ತೇನೆ. ಅರ್ಧ ತೆಗೆದದ್ದು ಹಿಂದಿನ ಸೀಟಿನ ಬೆಲ್ಟಿಗೆ, ಈ ರಜೆಯಲ್ಲಿ ಹಾಕಿಸ್ತೇನೆ ಅಂದಿದ್ದಾರೆ, ಹಾಕಿಸಿದ್ರೆ ಇಲ್ಲೇ ತಿದ್ದಿ ಬರೀತೇನೆ. ನಂಬರ್ ಕೇಳಬೇಡಿ, ಸೀಟಿಲ್ಲ. ಕಳೆದ ವಾರ ನನ್ನ ಸ್ವಂತ ತಂಗಿಯ ಮಗನಿಗೆ ಒಂದು ಸೀಟು ಕೇಳಿದೆ, ಸಣ್ಣವನು, ತೊಡೆ ಮೇಲೆ ಕೂತ್ಕೊಳ್ತಾನೆ, ನಮ್ಮ ಮಗನೇ ಹಿಡ್ಕೊಳ್ತಾನೆ ಅಂತ ಎಲ್ಲ ಹೇಳಿ ನೋಡಿದೆ. "ಬೇಡ ಅಕ್ಕ, ಸೀಟು 13, ಮಕ್ಕಳು 13" ಅಂದ್ರು ಡ್ರೈವರಣ್ಣ. ತಂಗಿಗೆ ಬೇರೆ ವ್ಯಾನ್ ಹುಡುಕ್ತಾ ಇದ್ದೇವೆ, ಕಟಪಾಡಿ ಕಡೆಯಿಂದ ಅಕ್ಕ ಇರುವ ಗಾಡಿ ಯಾರಿಗಾದ್ರೂ ಗೊತ್ತಿದ್ರೆ ತಿಳಿಸಿ, ನಾಳೆ ಸಂಜೆಯೇ ಹೋಗಿ ಇಳಿಸುವುದು ನೋಡಿಕೊಂಡು ಬರ್ತೇನೆ.