ಎಡಕ್ಕೆ ಸಿಮೆಂಟ್ ಕ್ಯಾಪ್, ಬಲಕ್ಕೆ ಸ್ಕ್ರೂ ಕ್ಯಾಪ್: ಎರಡರಲ್ಲೂ ಅಗಿದು ನೋಡಿದ ಮೇಲೆ

ನನ್ನ ಕೆಳದವಡೆಯಲ್ಲಿ ಎರಡು ಇಂಪ್ಲಾಂಟ್ ಹಲ್ಲುಗಳಿವೆ, ಎಡಕ್ಕೊಂದು, ಬಲಕ್ಕೊಂದು. ಎಡದ್ದನ್ನು 2016ರಲ್ಲಿ ಹುಬ್ಬಳ್ಳಿಯಲ್ಲಿದ್ದಾಗ ಹಾಕಿಸಿಕೊಂಡೆ. ಅದು ಮೆಟಲ್ ಸೆರಾಮಿಕ್ ಕ್ಯಾಪ್ (ಒಳಗೆ ಲೋಹ, ಮೇಲೆ ಪಿಂಗಾಣಿ), ಸಿಮೆಂಟಿನಲ್ಲಿ ಅಂಟಿಸಿದ್ದು. ನಿವೃತ್ತಿಯ ನಂತರ ಶಿವಮೊಗ್ಗಕ್ಕೆ ಬಂದ ಮೇಲೆ, 2021ರಲ್ಲಿ, ಬಲದ್ದು ಆಯಿತು. ಅದು ಜಿರ್ಕೋನಿಯಾ ಎಂಬ ಲೋಹವಿಲ್ಲದ ಗಟ್ಟಿ ಸೆರಾಮಿಕ್‌ನದು, ಸ್ಕ್ರೂ ಹಾಕಿ ಬಿಗಿದದ್ದು. ಹಲ್ಲು ಕಟ್ಟಿಸಿಕೊಳ್ಳಲು ಹೊರಟ ನೆಂಟರಿಷ್ಟರೆಲ್ಲ ನನ್ನ ಹತ್ತಿರ ಕೇಳುವುದು ಜಿರ್ಕೋನಿಯಾ ಒಳ್ಳೆಯದೋ ಮೆಟಲ್ ಸೆರಾಮಿಕ್ ಒಳ್ಳೆಯದೋ ಅಂತ. ನಾನು ತಿರುಗಿ ಕೇಳುವುದು ಬೇರೆ: ಏನಾದರೂ ತೊಂದರೆ ಬಂದರೆ ಆ ಕ್ಯಾಪನ್ನು ಒಡೆಯದೆ ಬಿಚ್ಚಲು ಬರುತ್ತದೆಯೇ?

ಯಾಕೆ ಹಾಗೆ ಕೇಳುತ್ತೇನೆಂದರೆ, ಇಂಪ್ಲಾಂಟ್ ಹಲ್ಲು ಒಂದೇ ತುಂಡಲ್ಲ. ಮೂಳೆಯೊಳಗೆ ಟೈಟಾನಿಯಂ ತಿರುಪು, ಅದರ ಮೇಲೆ ಅಬಟ್‌ಮೆಂಟ್ ಎನ್ನುವ ಗೂಟ, ಗೂಟದ ಮೇಲೆ ಕ್ಯಾಪ್. ಟೈಟಾನಿಯಂ ಮೂಳೆಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಸಂಶೋಧಕ ವೈದ್ಯ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲಗಳ ಕಾಲಿನ ಮೂಳೆಯಲ್ಲಿ ಕಂಡರು. 1965ರಲ್ಲಿ ಮೊದಲ ರೋಗಿಗೆ ಹಾಕಿದರು. ನನಗೂ ಮೂರು ತಿಂಗಳು ಕಾದ ಮೇಲೆ ಎರಡೂ ತಿರುಪುಗಳು ಮೂಳೆಗೆ ಗಟ್ಟಿಯಾಗಿ ಕೂತವು, ಇವತ್ತಿಗೂ ಅಲ್ಲಾಡಿಲ್ಲ. ನಾನು ಪಟ್ಟ ಪಾಡೆಲ್ಲ ಅದರ ಮೇಲಿನ ಭಾಗದಿಂದ.

ಎಡದ ಕ್ಯಾಪ್ ಕೂರಿಸಿದ ದಿನ ಬಹಳ ಸುಲಭ ಅನ್ನಿಸಿತ್ತು. ಸಿಮೆಂಟ್ ಹಚ್ಚಿ ಒತ್ತಿದರು, ಹೊರಗೆ ಬಂದದ್ದನ್ನು ಕೆರೆದರು, ಅರ್ಧ ಗಂಟೆಯಲ್ಲಿ ಮನೆಗೆ ಬಂದೆ. ನಾಲ್ಕೈದು ತಿಂಗಳಲ್ಲಿ ಬ್ರಷ್ ತಾಗಿದರೆ ಸಾಕು, ಆ ಜಾಗದ ಒಸಡಿನಲ್ಲಿ ರಕ್ತ. ನೋವಿಲ್ಲದ ಕಾರಣ ಸುಮ್ಮನಿದ್ದೆ. ಕೊನೆಗೆ ಎಕ್ಸ್‌ರೇ ತೆಗೆದಾಗ ಒಸಡಿನ ಕೆಳಗೆ ಸಿಮೆಂಟಿನ ಚೂರು ಉಳಿದಿರುವುದು ಕಂಡಿತು. ಅದನ್ನು ತೆಗೆಸಿದ ಮೇಲೆ ಊತ ಇಳಿಯಿತು. ಹಾಗೆ ಉಳಿದ ಸಿಮೆಂಟನ್ನು ವರ್ಷಗಟ್ಟಲೆ ಬಿಟ್ಟರೆ ಇಂಪ್ಲಾಂಟಿನ ಸುತ್ತಲಿನ ಮೂಳೆಯೇ ಕರಗಬಹುದು ಎಂದು ಗೊತ್ತಾದಾಗ ನನಗೆ ನಿಜಕ್ಕೂ ಭಯವಾಯಿತು.

2020ರಲ್ಲಿ ಎರಡನೆಯ ತೊಂದರೆ. ರೊಟ್ಟಿ ಅಗಿಯುವಾಗ ಆ ಹಲ್ಲು ಸಣ್ಣಗೆ ಅಲುಗಿತು. ಇಂಪ್ಲಾಂಟೇ ಸಡಿಲವಾಯಿತೆಂದು ಎದೆ ಒಡೆದುಹೋಯಿತು. ಸಡಿಲವಾಗಿದ್ದದ್ದು ಗೂಟವನ್ನು ಹಿಡಿದಿರುವ ಒಳಗಿನ ಪುಟ್ಟ ಸ್ಕ್ರೂ. ಬಿಗಿಮಾಡಿದರೆ ಮುಗಿಯಿತು, ಆದರೆ ಅದರ ಮೇಲೆ ಅಂಟಿಸಿದ ಕ್ಯಾಪ್ ಇದೆಯಲ್ಲ! ಶಿವಮೊಗ್ಗದ ಡಾಕ್ಟರು "ಯಾವ ಕಂಪನಿಯದು, ಕಾರ್ಡ್ ಇದೆಯಾ?" ಎಂದರು. ನನಗೆ ಯಾರೂ ಕಾರ್ಡ್ ಕೊಟ್ಟಿರಲಿಲ್ಲ. ಹಳೆಯ ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಅಲ್ಲಿ ದಾಖಲೆ ಸಿಗಲಿಲ್ಲ. ಒಂದೊಂದು ಕಂಪನಿಯ ಸ್ಕ್ರೂವಿಗೆ ಒಂದೊಂದು ಬಗೆಯ ಚಾವಿ ಬೇಕಂತೆ. ಎಕ್ಸ್‌ರೇ ನೋಡಿ ಅಂದಾಜು ಮಾಡಿ, ಕ್ಯಾಪಿನ ನಡುವೆ ತೂತು ಕೊರೆದು, ನಾಲ್ಕನೆಯ ಚಾವಿ ಹೊಂದಿಕೊಂಡಾಗ ಡಾಕ್ಟರೂ ನಾನೂ ಉಸಿರು ಬಿಟ್ಟೆವು. ಕೊರೆಯುವಾಗ ಪಿಂಗಾಣಿಯ ಒಂದು ಮೂಲೆ ಚಕ್ಕೆ ಎದ್ದಿತು. ಅದು ಈಗಲೂ ಹಾಗೇ ಇದೆ.

ಬಲದ ಕ್ಯಾಪಿನಲ್ಲಿ ಆ ತೂತನ್ನು ಲ್ಯಾಬಿನವರೇ ಮೊದಲೇ ಬಿಟ್ಟಿರುತ್ತಾರೆ. ಡಾಕ್ಟರು ಎಷ್ಟು ಬಿಗಿಯಾಯಿತೆಂದು ಅಳೆಯುವ ರೆಂಚಿನಿಂದ ಬಿಗಿದು, ಹತ್ತು ನಿಮಿಷ ಕೂರಿಸಿ ಮತ್ತೊಮ್ಮೆ ಬಿಗಿದರು. ಸ್ಕ್ರೂ ತಲೆಯ ಮೇಲೆ ಟೆಫ್ಲಾನ್ ಟೇಪು, ಅದರ ಮೇಲೆ ಹಲ್ಲಿನ ಬಣ್ಣದ ಫಿಲ್ಲಿಂಗ್. ಸಿಮೆಂಟಿನ ರಗಳೆಯೇ ಇಲ್ಲ. ಕೊರತೆ ಇಲ್ಲವೆಂದಲ್ಲ: ಬಾಯಿ ಅಗಲಿಸಿದರೆ ನಡುವೆ ಚುಕ್ಕೆಯಂತೆ ಫಿಲ್ಲಿಂಗ್ ಕಾಣುತ್ತದೆ, 2023ರಲ್ಲಿ ಒಮ್ಮೆ ಅದು ಉದುರಿತು. ಹೋಗಿ ಹಾಕಿಸಿಕೊಂಡು ಬರಲು ಕಾಲು ಗಂಟೆ ಹಿಡಿಯಿತು. ಮುಂದಿನ ಹಲ್ಲಾದರೆ ಲೆಕ್ಕ ಬೇರೆ. ಇಂಪ್ಲಾಂಟ್ ಓರೆಯಾಗಿ ಕೂತಿದ್ದರೆ ತೂತು ನಗುವಾಗ ಕಾಣುವ ಕಡೆಗೇ ಬರಬಹುದು; ಆಗ ಸಿಮೆಂಟ್ ಹಾಕುವುದಕ್ಕೂ ಅರ್ಥವಿದೆ. ದವಡೆ ಹಲ್ಲಿಗೆ ಮಾತ್ರ ನಾನು ಸ್ಕ್ರೂ ಬಿಟ್ಟು ಇನ್ನೊಂದನ್ನು ಒಪ್ಪುವುದಿಲ್ಲ.

ಇನ್ನು ಎಲ್ಲರೂ ಕೇಳುವ ಜಿರ್ಕೋನಿಯಾ ವಿಚಾರ. ಎಡದ ಕ್ಯಾಪಿಗೆ ಆರು ಸಾವಿರ, ಬಲದ್ದಕ್ಕೆ ಹನ್ನೊಂದು ಸಾವಿರ ಕೊಟ್ಟೆ, ಇಂಪ್ಲಾಂಟಿನ ಖರ್ಚು ಬೇರೆ. ಮೆಟಲ್ ಸೆರಾಮಿಕ್‌ನಲ್ಲಿ ಒಸಡಿನ ಅಂಚಿಗೆ ಬೂದು ಗೆರೆ ಕಾಣುತ್ತದೆ, ಹಿಂದಿನ ಹಲ್ಲಾದ್ದರಿಂದ ನನಗದು ದೊಡ್ಡದಲ್ಲ. ಇಡೀ ಕ್ಯಾಪೇ ಜಿರ್ಕೋನಿಯಾ ಆದರೆ ಮೇಲೆ ಪಿಂಗಾಣಿಯ ಪದರವಿಲ್ಲ, ಚಕ್ಕೆ ಏಳುವ ಭಯ ಕಡಿಮೆ. ಆದರೆ ಮೇಲಿನ ಹಲ್ಲಿಗೆ ಸರಿಯಾಗಿ ಕೂಡಲೆಂದು ಉಜ್ಜಿದ ಜಾಗವನ್ನು ಚೆನ್ನಾಗಿ ಪಾಲಿಶ್ ಮಾಡಲೇಬೇಕು. ನನ್ನದು ನಾಲಿಗೆಗೆ ಒರಟೊರಟಾಗಿ ಸಿಗುತ್ತಿತ್ತು. ಹಾಗೇ ಬಿಟ್ಟಿದ್ದರೆ ಮೇಲಿನ ಸ್ವಂತ ಹಲ್ಲು ಸವೆಯುತ್ತಿತ್ತು. ವಾರದಲ್ಲಿ ಮತ್ತೆ ಹೋಗಿ ನುಣುಪು ಮಾಡಿಸಿಕೊಂಡೆ.

ಎರಡಕ್ಕೂ ಸಮಾನವಾದ ಒಂದು ಮಾತು. ಸ್ವಂತ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳ್ಳಗಿನ ನಾರಿನ ಪೊರೆ ಇರುತ್ತದೆ. ಅಕ್ಕಿಯಲ್ಲಿನ ಕಲ್ಲು ಸಿಕ್ಕಿದ ತಕ್ಷಣ ಬಾಯಿ ನಿಲ್ಲಿಸುವುದು ಅದೇ. ಇಂಪ್ಲಾಂಟಿಗೆ ಆ ಪೊರೆ ಇಲ್ಲ, ಎಷ್ಟು ಜೋರಾಗಿ ಕಚ್ಚುತ್ತಿದ್ದೇವೆಂದು ಸರಿಯಾಗಿ ತಿಳಿಯುವುದಿಲ್ಲ. ಮಲೆನಾಡಿನವಳಾಗಿ ಊಟವಾದ ಮೇಲೆ ಎಲೆ ಅಡಿಕೆ ಬಿಟ್ಟದ್ದು ಈ ಹಲ್ಲುಗಳಿಗಾಗಿಯೇ. ಕಬ್ಬು, ಗಟ್ಟಿ ಕೋಡುಬಳೆಯೂ ಬೇಡ. ಚಕ್ಕುಲಿ ಮುರಿದು ಸಣ್ಣ ಮಾಡಿಕೊಂಡು ತಿನ್ನುತ್ತೇನೆ.

ಶುಚಿಯ ವಿಷಯದಲ್ಲಿ ಎರಡರ ವ್ಯತ್ಯಾಸ ಇನ್ನೂ ಹೆಚ್ಚು. ತಿರುಪು ಸಣ್ಣದು, ದವಡೆ ಹಲ್ಲಿನ ಕ್ಯಾಪ್ ಅಗಲ. ಕ್ಯಾಪಿನ ಹೊಟ್ಟೆಯ ಕೆಳಗೆ ಅನ್ನದ ಅಗುಳು, ಸೊಪ್ಪಿನ ನಾರು ಕೂರುತ್ತದೆ. ಬರಿಯ ಬ್ರಷ್ ಅಲ್ಲಿಗೆ ತಲುಪುವುದಿಲ್ಲ. ನಾನು ಮೂರನ್ನು ಬಳಸಿ ನೋಡಿದೆ. ನೀರು ಚಿಮ್ಮುವ ಯಂತ್ರ ಆರಾಮ, ಸಿಕ್ಕಿಕೊಂಡದ್ದು ಹೊರಗೆ ಬರುತ್ತದೆ, ಆದರೆ ಅಂಟಿಕೊಂಡ ಪಾಚಿ ಪೂರ್ತಿ ಹೋಗುವುದಿಲ್ಲ. ನಡುವೆ ಸ್ಪಂಜು ಇರುವ ಫ್ಲಾಸ್ ದಾರ ಚೆನ್ನಾಗಿ ಉಜ್ಜುತ್ತದೆ. ಗಟ್ಟಿ ತುದಿಯನ್ನು ಪೋಣಿಸಿ ಎರಡೂ ಕಡೆ ಹಿಡಿದು ಎಳೆದಾಡುವುದಕ್ಕೆ ಕನ್ನಡಿ, ಬೆಳಕು, ತಾಳ್ಮೆ ಮೂರೂ ಬೇಕು. ಹಲ್ಲಿನ ಸಂದಿಗೆ ತೂರಿಸುವ ಪುಟ್ಟ ಬ್ರಷ್ ನನಗೆ ಎಲ್ಲಕ್ಕಿಂತ ಹಿಡಿಸಿತು. ತಂತಿಗೆ ಪ್ಲಾಸ್ಟಿಕ್ ಲೇಪವಿರುವುದನ್ನೇ ತರುತ್ತೇನೆ, ಬರಿಯ ತಂತಿ ಟೈಟಾನಿಯಂ ಮೇಲೆ ಗೀರು ಮಾಡುತ್ತದೆ.

ಆದರೆ ಆ ಬ್ರಷ್ ಹೋಗುವುದು ಬಲಗಡೆ ಮಾತ್ರ. ಟ್ರಯಲ್ ಹಾಕಿದ ದಿನವೇ ಡಾಕ್ಟರು ಸಂದಿಯಲ್ಲಿ ಬ್ರಷ್ ತೂರಿಸಿ ನೋಡಿ, ಬಿಗಿಯಾಗಿದೆಯೆಂದು ಕ್ಯಾಪನ್ನು ಲ್ಯಾಬಿಗೆ ವಾಪಸ್ ಕಳಿಸಿದ್ದರು. ನನಗೆ ಆಗ ಒಂದು ವಾರ ತಡವಾಯಿತಲ್ಲ ಎಂಬ ಬೇಸರವಿತ್ತು. ಎಡದ್ದನ್ನು ಯಾರೂ ಹಾಗೆ ನೋಡಿರಲಿಲ್ಲ, ಒಸಡಿಗೆ ಒತ್ತಿಕೊಂಡಂತೆ ಕೂತಿದೆ. ಅಲ್ಲಿಗೆ ಪ್ರತಿ ರಾತ್ರಿ ದಾರವೇ ಗತಿ. ಬಲಕ್ಕೆ ಎರಡು ನಿಮಿಷ, ಎಡಕ್ಕೆ ಆರು.

ಇಂಪ್ಲಾಂಟ್ ಹಲ್ಲಿಗೆ ಹುಳುಕು ಹಿಡಿಯುವುದಿಲ್ಲ, ನಿಜ. ಒಸಡಿನ ರೋಗ ಮಾತ್ರ ಬರಬಹುದು, ಅದೂ ಎಷ್ಟೋ ಸಲ ನೋವಿಲ್ಲದೆ. ಹಾಗಾಗಿ ರಕ್ತ ಕಂಡ ದಿನವೇ ಫೋನ್ ಮಾಡುತ್ತೇನೆ. ಆರು ತಿಂಗಳಿಗೊಮ್ಮೆ ಕ್ಲೀನಿಂಗ್, ವರ್ಷಕ್ಕೊಮ್ಮೆ ಎಕ್ಸ್‌ರೇ. ಕುರ್ಚಿಯಲ್ಲಿ ಕೂತ ತಕ್ಷಣ "ಇವೆರಡೂ ಇಂಪ್ಲಾಂಟ್" ಎಂದು ತೋರಿಸುತ್ತೇನೆ, ಅದಕ್ಕೆ ಬೇರೆ ಉಪಕರಣ ತೆಗೆದುಕೊಳ್ಳುತ್ತಾರೆ.

ಮುಂದಿನ ತಿಂಗಳು ನನ್ನ ತಂಗಿಗೆ ಕ್ಯಾಪ್ ಹಾಕುತ್ತಾರೆ. ಅವಳ ಜೊತೆ ನಾನೂ ಹೋಗುತ್ತೇನೆ, ಸಂದಿ ಬ್ರಷ್ ಬ್ಯಾಗಿನಲ್ಲಿ ಇಟ್ಟುಕೊಂಡು. ಬಲದ ಇಂಪ್ಲಾಂಟಿನ ಕಂಪನಿ, ಅಳತೆ, ಬ್ಯಾಚ್ ನಂಬರ್ ಇರುವ ಕಾರ್ಡು ನನ್ನ ಆಧಾರ್ ಕಾರ್ಡಿನ ಜೊತೆಗಿದೆ, ಮಗಳ ಫೋನಿನಲ್ಲಿ ಅದರ ಫೋಟೋ ಇದೆ. ಎಡದ್ದಕ್ಕೆ ಹೊಂದಿದ ಚಾವಿಯ ಹೆಸರನ್ನು ಶಿವಮೊಗ್ಗದ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ, ಅದನ್ನೂ ಅಲ್ಲೇ ಇಟ್ಟಿದ್ದೇನೆ.