ತುಮಕೂರಿನ ಮೊಬೈಲ್ ವರದಿಗಾರಿಕೆ ತರಗತಿ: ನಾಲ್ಕು ಭಾನುವಾರ ಕೂತು ಬಂದೆ

ಕೊರಟಗೆರೆಯಿಂದ ದಿನಪತ್ರಿಕೆಯೊಂದಕ್ಕೆ 19 ವರ್ಷದಿಂದ ಸುದ್ದಿ ಕಳಿಸುತ್ತಿದ್ದೇನೆ. ಶುರುವಿನಲ್ಲಿ ಹಾಳೆ ಮೇಲೆ ಬರೆದು, ಕವರಿಗೆ ಹಾಕಿ, ತುಮಕೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಆಮೇಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಇಮೇಲ್. ಈಗ ಡೆಸ್ಕಿನವರು ಸುದ್ದಿಗೆ ಮೊದಲು ವಿಡಿಯೊ ಕೇಳುತ್ತಾರೆ. ಅದಕ್ಕೇ ಬಿ.ಎಚ್. ರಸ್ತೆ ಪಕ್ಕದ ಮಹಡಿಯೊಂದರಲ್ಲಿ ನಡೆಯುವ ಈ ತರಗತಿಗೆ 3,000 ರೂಪಾಯಿ ಕಟ್ಟಿದೆ. ಒಟ್ಟು 14 ಜನ, ನನ್ನನ್ನು ಬಿಟ್ಟರೆ ಎಲ್ಲ ಕಾಲೇಜು ಮಕ್ಕಳು.

ಎರಡನೇ ಭಾನುವಾರದ ಪಾಠ ಒಂದಕ್ಕೇ ಕೊಟ್ಟ ದುಡ್ಡು ಸಾರ್ಥಕ. ಕೆರೆ ಕೋಡಿ ಬಿದ್ದ ಫೋಟೊವೊಂದನ್ನು ಮೇಷ್ಟ್ರು, ಅದೇ ಚಿತ್ರ ನೆಟ್ಟಿನಲ್ಲಿ ಬೇರೆಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿಸಿದರು. ಹಳೇ ಫೋಟೊ, ಊರೂ ಬೇರೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ, ತೆಗೆದ ದಿನಾಂಕ, ಜಾಗದ ವಿವರ ಅದರೊಳಗಿಂದ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಈಗ ಹಳ್ಳಿಯಿಂದ ಯಾರೇ ಫೋಟೊ ಕಳಿಸಿದರೂ “ಡಾಕ್ಯುಮೆಂಟ್ ಮಾಡಿ ಕಳ್ಸಣ್ಣ” ಅನ್ನುತ್ತೇನೆ. “ಲೆನ್ಸ್‌ನಲ್ಲಿ ಏನೂ ಸಿಗಲಿಲ್ಲ ಅಂದ್ರೆ ಫೋಟೊ ನಿಜ ಅಂತಲ್ಲ. ಕೆರೆ ನೀರು ನೋಡಿಕೊಳ್ಳೋ ನೀರಗಂಟಿಗೊಂದು ಫೋನ್ ಮಾಡಿ” ಎಂದರು ಮೇಷ್ಟ್ರು. ಆ ಮಾತು ಕೇಳಿ ನನಗೆ ಅವರ ಮೇಲೆ ಗೌರವ ಬಂತು.

ಮುಂದಿನ ವಾರ ಎಪಿಎಂಸಿಯ ಹುಣಸೆ ಮಾರುಕಟ್ಟೆಗೆ ಹೋಗಿ 90 ಸೆಕೆಂಡಿನ ವಿಡಿಯೊ ಮಾಡುವ ಕೆಲಸ. ನನ್ನ ಜೊತೆಯ ಹುಡುಗಿ ಎಷ್ಟು ಚೆನ್ನಾಗಿ ಚಿತ್ರೀಕರಿಸಿದಳು! ಮಂಡಿ ಮುಂದೆ ಹಣ್ಣು ಹಸನು ಮಾಡುತ್ತಿದ್ದ ಹೆಂಗಸೊಬ್ಬರು, “ಮಕ ತೆಗ್ದಿದ್ದಾಯ್ತಲ್ಲವ್ವ, ಕೂಲಿ ಎಷ್ಟು ಅಂತ ಕೇಳಲ್ವಾ?” ಅಂದರು. ಇಬ್ಬರಿಗೂ ಮಾತೇ ಹೊರಡಲಿಲ್ಲ. ಬೆಲೆಯನ್ನೂ ಒಬ್ಬ ವ್ಯಾಪಾರಿಯ ಬಾಯಿಂದ ಮಾತ್ರ ಕೇಳಿದ್ದೆವು. ಕನಿಷ್ಠ, ಗರಿಷ್ಠ, ಮಾದರಿ (ಅಂದರೆ ಹೆಚ್ಚು ಮಾಲು ಮಾರಾಟವಾದ) ಬೆಲೆ ಮೂರನ್ನೂ ಎಪಿಎಂಸಿಯಲ್ಲಿ ವಿಚಾರಿಸಬೇಕಿತ್ತು. ತರಗತಿಯಲ್ಲಿ ಬೆಳಕು, ಧ್ವನಿ, ಅವಧಿ ಮೂರಕ್ಕೂ ಅಂಕ ಬಂತು. ಯಾರನ್ನು ಏನು ಕೇಳಿದಿರಿ ಎನ್ನುವುದಕ್ಕೆ ಅಂಕವೇ ಇರಲಿಲ್ಲ. ನನ್ನ ಮೊದಲ ತಕರಾರು ಇದು. ಮಂಗಳವಾರ ನಾವಿಬ್ಬರೇ ಮತ್ತೆ ಹೋಗಿ ಆ ಹೆಂಗಸಿನ ಪಕ್ಕ ಕೂತು ಕೂಲಿ ಲೆಕ್ಕ ಬರೆದುಕೊಂಡು ಬಂದೆವು.

ಎರಡನೆಯದು ಕಾನೂನು. ಇಡೀ ತರಗತಿಯಲ್ಲಿ ಅದಕ್ಕೆ ಸಿಕ್ಕಿದ್ದು ಅರ್ಧ ಗಂಟೆ. ಅಭ್ಯಾಸಕ್ಕೆ ಕೊಟ್ಟ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕರಣದಲ್ಲಿ ಒಬ್ಬ ಹುಡುಗ ಮಗುವಿನ ಹೆಸರು ಬಿಟ್ಟು, ಶಾಲೆ ಯಾವುದು, ತಂದೆ ಏನು ಕೆಲಸ ಮಾಡುತ್ತಾರೆ ಎರಡನ್ನೂ ಬರೆದಿದ್ದ. ಸಣ್ಣ ಊರಿನಲ್ಲಿ ಅಷ್ಟು ಸಾಕಲ್ಲ! 2012ರ ಆ ಕಾಯ್ದೆಯ 23ನೇ ಸೆಕ್ಷನ್ ಹೆಸರಿನ ಜೊತೆಗೆ ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆಯನ್ನೂ ಬಹಿರಂಗಪಡಿಸಬಾರದು ಅನ್ನುತ್ತದೆ. ನಾನು ಎದ್ದು ಹೇಳಬೇಕಾಯಿತು. ನನ್ನ ಶುರುವಿನ ವರ್ಷಗಳಲ್ಲಿ ಇಂಥ ತಪ್ಪನ್ನು ಡೆಸ್ಕಿನಲ್ಲಿ ಕೂತ ಹಿರಿಯರು ಕೆಂಪು ಪೆನ್ನಲ್ಲಿ ಹೊಡೆದುಹಾಕುತ್ತಿದ್ದರು. ತಾವೇ ತೆಗೆದು, ತಾವೇ ಕತ್ತರಿಸಿ, ತಾವೇ ಅಪ್‌ಲೋಡ್ ಮಾಡುವ ಈ ಮಕ್ಕಳ ಹಿಂದೆ ಅಂಥ ಹಿರಿಯರು ಯಾರೂ ಇಲ್ಲ.

ಆದರೂ ಸೇರಿ ಎಂದೇ ಹೇಳುತ್ತೇನೆ. ಕಾಲರ್ ಮೈಕ್ ಅವರೇ ಕೊಡುತ್ತಾರೆ, ಎಡಿಟಿಂಗ್ ತಾಳ್ಮೆಯಿಂದ ಕಲಿಸುತ್ತಾರೆ. ಫೋನಿನಲ್ಲಿ ಜಾಗ ಖಾಲಿ ಮಾಡಿಕೊಂಡು, ಯೂನಿಕೋಡ್ ಕೀಲಿಮಣೆ ಹಾಕಿಕೊಂಡು ಹೋಗಿ. ಮುಂದಿನ ತಂಡಕ್ಕೆ ಒಂದು ಭಾನುವಾರ ಪೂರ್ತಿ ವಕೀಲರೊಬ್ಬರನ್ನು ಕರೆಸಿ ಎಂದು ಮೇಷ್ಟ್ರಿಗೆ ಬರೆದುಕೊಟ್ಟು ಬಂದಿದ್ದೇನೆ.