ಹಳೇ ಎಂಡ್‌ಮಿಲ್‌ಗೆ ಮತ್ತೆ ಕೋಟಿಂಗ್ ಮಾಡಿಸುವ ಮುಂಚೆ ಇದನ್ನೊಮ್ಮೆ ಓದಿ

ನಲವತ್ತು ಕಾರ್ಬೈಡ್ ಎಂಡ್‌ಮಿಲ್‌ಗಳನ್ನು, ಅಂದರೆ ಮಿಲ್ಲಿಂಗ್ ಮಷಿನ್‌ನಲ್ಲಿ ತಿರುಗುತ್ತಾ ಲೋಹ ಕೊರೆಯುವ ಗಟ್ಟಿ ಟೂಲ್‌ಗಳನ್ನು, ಒಂದೇ ಸಲಕ್ಕೆ ಹಾಳು ಮಾಡಿಕೊಂಡೆ. ತಪ್ಪಿನಲ್ಲಿ ನನ್ನ ಪಾಲೂ ಇದೆ.

ಎಲ್ಲವೂ 10 ಎಂಎಂ ಟೂಲ್‌ಗಳು. ಅಂಚು ಸವೆದಿತ್ತು ಅಷ್ಟೇ. ನಾನೇ ಸಾಣೆ ಹಿಡಿದು, ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಕೋಟಿಂಗ್‌ಗೆ ಕಳಿಸಿದೆ. ವಾಪಸ್ ಬಂದಾಗ ನೋಡಬೇಕಿತ್ತು! ನೇರಳೆ ಛಾಯೆಯ ಕಪ್ಪು ಬಣ್ಣ, ಹುಡುಕಿದರೂ ಒಂದು ಕಲೆಯಿಲ್ಲ.

ಮೊದಲನೆಯದನ್ನು ಸ್ಟೀಲ್‌ಗೆ ಇಳಿಸಿ ಐದು ನಿಮಿಷ ಆಗಿರಲಿಲ್ಲ, ಕಿರ್ರ್ ಅಂತ ಶುರುವಾಯಿತು. ಬಿಚ್ಚಿ ಲೆನ್ಸ್ ಹಿಡಿದೆ. ಅಂಚಿನುದ್ದಕ್ಕೂ ಕೋಟಿಂಗ್ ಹಕ್ಕಳೆ ಎದ್ದಿತ್ತು. ಹಿತ್ತಾಳೆ ಕಡ್ಡಿಯಿಂದ ಮೆಲ್ಲಗೆ ತಳ್ಳಿದರೆ ಇನ್ನೊಂದು ಚೂರು ಕಿತ್ತು ಬಂತು. ಅದರ ಕೆಳಗೆ ಸಾಣೆ ಹಿಡಿದ ಕಾರ್ಬೈಡ್ ಹೊಳೆಯಬೇಕಿತ್ತು. ಕಂಡದ್ದು ಮಂಕು ಬೂದು, ಉಪ್ಪುಕಾಗದದ ಹಾಗೆ ತರಿತರಿ.

ಕೋಟಿಂಗ್‌ನವರಿಗೆ ಫೋನ್ ಮಾಡಿದರೆ, "ನಿಮ್ಮ ಗ್ರೈಂಡಿಂಗ್‌ನಲ್ಲಿ ಬರ್ ಇತ್ತು ಸಾರ್" ಅಂದರು. ಬರ್ ಅಂದರೆ ಸಾಣೆ ಹಿಡಿದಾಗ ಅಂಚಿನಲ್ಲಿ ಉಳಿಯುವ ಲೋಹದ ಸಣ್ಣ ಎಳೆ. ಇದ್ದಿರಬಹುದು. ಬರ್ ಮೇಲೆ ಕೂತ ಕೋಟಿಂಗ್ ಬರ್ ಜೊತೆಗೇ ಹೋಗುತ್ತೆ, ನಿಜ. ಆದರೆ ಬರ್ ಇರೋದು ಅಂಚಿನಲ್ಲಿ ಮಾತ್ರ, ಇಲ್ಲಿ ಫ್ಲೂಟ್ (ಟೂಲ್ ಮೈಮೇಲಿನ ಸುರುಳಿ ತೋಡು) ಒಳಗೂ ಕಿತ್ತಿತ್ತಲ್ವಾ? ಕೆದಕಿ ಕೇಳಿದ ಮೇಲೆ ಗೊತ್ತಾಯಿತು: ಹಳೇ ಕೋಟಿಂಗ್ ತೆಗೆಯೋಕೆ ಎಲ್ಲವನ್ನೂ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್‌ಗಳನ್ನು ಅದ್ದುವ ಕೆಮಿಕಲ್‌ನಲ್ಲೇ ಅದ್ದಿದ್ದರು.

ಎಚ್‌ಎಸ್‌ಎಸ್ ಅದನ್ನು ತಡೆದುಕೊಳ್ಳುತ್ತೆ. ಕಾರ್ಬೈಡ್ ಕಥೆ ಬೇರೆ. ಟಂಗ್‌ಸ್ಟನ್ ಕಾರ್ಬೈಡ್ ಕಣಗಳನ್ನು ಕಚ್ಚಿ ಹಿಡಿದಿರೋದು ಕೋಬಾಲ್ಟ್. ಕೆಮಿಕಲ್ ಆ ಕೋಬಾಲ್ಟನ್ನೇ ತಿಂದುಹಾಕಿತ್ತು. ಹೊಸ ಕೋಟಿಂಗ್ ಕಣಗಳಿಗೆ ಚೆನ್ನಾಗಿಯೇ ಅಂಟಿತ್ತು, ಪಾಪ. ಕಣಗಳಿಗೇ ಹಿಡಿತ ಇರಲಿಲ್ಲ. ಉದುರುವ ಗಾರೆಗೆ ಬಣ್ಣ ಬಳಿದ ಹಾಗಾಯಿತು.

ನನ್ನ ತಪ್ಪು ಇಲ್ಲೇ ಇದೆ. ಮೊದಲು ಹಳೇ ಕೋಟಿಂಗ್ ತೆಗೆಸಿ ಆಮೇಲೆ ಸಾಣೆ ಹಿಡಿದಿದ್ದರೆ, ಕೆಟ್ಟ ಪದರ ಸಾಣೆಕಲ್ಲಿಗೇ ಹೋಗಿಬಿಡುತ್ತಿತ್ತು. ನಾನು ಉಲ್ಟಾ ಮಾಡಿದೆ. ನೀವು ಕಳಿಸುವಾಗ "ಕಾರ್ಬೈಡ್, ಅದ್ದಬೇಡಿ" ಅಂತ ಚೀಟಿಯಲ್ಲೇ ಬರೆಯಿರಿ. ಸಾಣೆಗೆ ಸಿಗದ ಕಡೆ ಹಳೇ ಪದರ ಗಟ್ಟಿಯಾಗಿದ್ದರೆ ಅದರ ಮೇಲೇ ಹಾಕಿಸಬಹುದು. ಒಂದು ಪದರ ಸಾಮಾನ್ಯವಾಗಿ 2ರಿಂದ 4 ಮೈಕ್ರಾನ್ ಅಷ್ಟೇ. ಹಾಗಂತ ಪದೇ ಪದೇ ಹಾಕಿಸಿದರೆ ದಪ್ಪ ಜಾಸ್ತಿಯಾಗಿ ಅದೂ ಸಿಡಿಯುತ್ತೆ. ಮೊದಲು ಎರಡೇ ಟೂಲ್ ಕಳಿಸಿ, ಓಡಿಸಿ ನೋಡಿ. ನಲವತ್ತನ್ನೂ ಒಟ್ಟಿಗೆ ಕಳಿಸಿದ್ದು ಶುದ್ಧ ದುರಾಸೆ.

ಕುತೂಹಲಕ್ಕೆ ಒಂದನ್ನು ಇನ್ನಷ್ಟು ಸಾಣೆ ಹಿಡಿದು, ಕೋಟಿಂಗ್ ಇಲ್ಲದೆ ಬರಿ ಮೈಯಲ್ಲೇ ಓಡಿಸಿದೆ. ವ್ಯಾಸ 9.6ಕ್ಕೆ ಇಳಿದಿತ್ತು, ನನ್ನ ಕೆಲಸಕ್ಕೆ ಬರಲ್ಲ. ಆದರೂ ಆ ಮಿರಿಮಿರಿ ಮಿಂಚುವ ಮೂವತ್ತೊಂಬತ್ತಕ್ಕಿಂತ ಜಾಸ್ತಿ ಹೊತ್ತು ಬಾಳಿತು.